ಹಸಿರು ಪೈಂಟಿನ ರುಚಿ

ಪೈಂಟಿಗೂ ರುಚಿ ಇರುತ್ತದೆಂದು ನನಗೆ ತಿಳಿದದ್ದು ಐವತ್ತೆಂಟನೆಯ ವಯಸ್ಸಿನಲ್ಲಿ. ತಿಳಿಸಿದವರು ಪಶುವೈದ್ಯೆ. ಆಘಾತ ಎಂಬ ಪದವನ್ನು ನಾವು ಕ್ರಿಕೆಟ್ ಸೋಲಿಗೂ ಧಾರಾವಾಹಿಯ ತಿರುವಿಗೂ ಬಳಸಿ ಸವೆಸಿಬಿಟ್ಟಿದ್ದೇವೆ. ಆ ದಿನ ನನಗಾದದ್ದಕ್ಕೆ ಬೇರೆ ಪದ ಸಿಗುವುದಿಲ್ಲವಾದ್ದರಿಂದ ಅದನ್ನೇ ಬಳಸುತ್ತೇನೆ.

ಶಿರಿಯದ ನಮ್ಮ ಮನೆಯ ಉಪ್ಪರಿಗೆಯ ಹೊರಗೋಡೆ ಹಲಸಿನ ಹಲಗೆಗಳದ್ದು. ಮಳೆನೀರು ಒಳಗೆ ಇಳಿಯದಂತೆ ಒಂದರ ಅಂಚಿನ ಮೇಲೊಂದು ಕೂತ ಹಲಗೆಗಳು. ಅವುಗಳ ಹಳೆಯ ಹಸಿರು ಪೈಂಟು ಕಡಲ ಗಾಳಿಗೆ ಹಪ್ಪಳದ ಹಾಗೆ ಉಬ್ಬಿ ಏಳುತ್ತಿತ್ತು. ಕ್ರಿಸ್ಮಸ್ಸಿಗೆ ಮಗಳು ತನ್ನ ತೆವಳುವ ಕೂಸಿನೊಂದಿಗೆ ಬರುವವಳಿದ್ದಳು. ಅಷ್ಟರಲ್ಲಿ ಮನೆ ಹೊಳೆಯಬೇಕೆಂದು ನನ್ನ ಹಟ. ಪೈಂಟರ್ ಹಳೆಯದರ ಮೇಲೆಯೇ ಹೊಡೆಯುತ್ತೇನೆಂದ. ಮುಖ ತೊಳೆಯದೆ ಪೌಡರು ಹಾಕಿದ ಹಾಗಾಗುವುದಿಲ್ಲವೇ? ಹಾಗಾಗಿ ಬಡಗಿಯಿಂದ ಉಜ್ಜುವ ಯಂತ್ರ ತಂದು, ಮೊಬೈಲಿನಲ್ಲಿ ನಾಲ್ಕು ವಿಡಿಯೊ ನೋಡಿ, ನಾನೇ ಅಟ್ಟಣಿಗೆ ಹತ್ತಿದೆ.

ಧೂಳೆಂದರೆ ಧೂಳು! ಸಂಜೆ ಇಳಿಯುವಾಗ ನನ್ನ ನರೆಗೂದಲು ಹಸಿರಾಗಿತ್ತು. ಊರಿಗೆಲ್ಲ ಬಾಯಮ್ಮನಾದ ನನ್ನನ್ನು ಗಂಡ ಹೆನ್ರಿ ಗಿಳಿ ಎಂದು ಕರೆದರು. ಉದುರಿದ ಚೂರುಗಳನ್ನು ಗುಡಿಸಿ ಗೋಡೆಯ ಬುಡದಲ್ಲೇ ರಾಶಿ ಹಾಕಿದೆ. ನೆರೆಮನೆಯ ಗಿರಿಜಕ್ಕನ ಕರು ಬೇಲಿಯ ಸಂದಿನಿಂದ ನುಗ್ಗಿ ಬಂದು ಆ ರಾಶಿಯನ್ನು ನೆಕ್ಕತೊಡಗಿತು. ನನ್ನ ಕೆಲಸವನ್ನು ಮೆಚ್ಚಿದ ಮೊದಲ ಜೀವವೆಂದು ಖುಷಿಯಾಗಿ ಫೋಟೊ ತೆಗೆದು ಮಗಳಿಗೆ ಕಳಿಸಿದೆ.

ಕೆಲವು ದಿನಗಳಾದ ಮೇಲೆ ಗಿರಿಜಕ್ಕನ ಬೊಬ್ಬೆ ಕೇಳಿ ಓಡಿದೆ. ಕರು ದನದ ಹಟ್ಟಿಯ ಗೋಡೆಗೆ ಹಣೆ ಒತ್ತಿ ನಿಂತಿತ್ತು. ಹಲ್ಲು ಕಡಿಯುತ್ತಿತ್ತು. ಬಾಯಲ್ಲಿ ನೊರೆ. ಕಣ್ಣೆದುರು ಕೈ ಆಡಿಸಿದರೂ ರೆಪ್ಪೆ ಅಲುಗಲಿಲ್ಲ, ಅದಕ್ಕೆ ಕಣ್ಣೇ ಕಾಣುತ್ತಿರಲಿಲ್ಲ.

"ಹುಚ್ಚುನಾಯಿ ಕಚ್ಚಿರ್ಬೇಕು" ಎಂದು ಯಾರೋ ಅಂದದ್ದೇ ತಡ, ಎಲ್ಲರೂ ಹಿಂದೆ ಸರಿದರು. ಗಿರಿಜಕ್ಕ ಮಾತ್ರ ಹಗ್ಗ ಬಿಡಲಿಲ್ಲ.

ಪಶುವೈದ್ಯೆ ಗ್ಲೌಸು ಹಾಕಿ ತುಂಬಾ ಹೊತ್ತು ಪರೀಕ್ಷಿಸಿದರು. ಆಮೇಲೆ ಕೇಳಿದರು, "ಇಲ್ಲಿ ಹತ್ತಿರದಲ್ಲಿ ಹಳೆ ಬ್ಯಾಟರಿ, ಹಳೆ ಪೈಂಟ್ ಎಂತಾದ್ರೂ ಉಂಟಾ?"

ಮೊಬೈಲು ತೆರೆದೆ. ಕರು ರಾಶಿ ನೆಕ್ಕುತ್ತಿದ್ದ ಫೋಟೊ ತೋರಿಸಿದೆ.

"ಹಳೆ ಎಣ್ಣೆ ಪೈಂಟಲ್ಲಿ ಸೀಸ ಇರ್ತದೆ. ಅದಕ್ಕೆ ಸಿಹಿ ರುಚಿ, ದನಗಳು ನೆಕ್ಕದೆ ಬಿಡುವುದಿಲ್ಲ" ಎಂದವರು ನನ್ನ ಕಡೆ ತಿರುಗಿದರು. "ನಿಮ್ಮ ಮನೆಯಲ್ಲಿ ಸಣ್ಣ ಮಕ್ಕಳು ಉಂಟಾ?"

ತೆವಳುವ ಕೂಸು, ಧೂಳು ಕೂತ ಜಗಲಿ, ಎಲ್ಲವನ್ನೂ ಬಾಯಿಗೆ ಒಯ್ಯುವ ಅದರ ಬೆರಳು. ಹಟ್ಟಿಯ ಮೆಟ್ಟಿಲಲ್ಲೇ ಕೂತುಬಿಟ್ಟೆ.

ಶಾಲೆಯಲ್ಲಿ ನಾವು ಪೆನ್ಸಿಲನ್ನು ಸೀಸದಕಡ್ಡಿ ಎನ್ನುತ್ತಿದ್ದೆವು, ಕಚ್ಚಿದರೆ ಟೀಚರು ಗದರುತ್ತಿದ್ದರು. ಅದರಲ್ಲಿ ಸೀಸವೇ ಇಲ್ಲವಂತೆ! ಇದ್ದದ್ದು ನಾವು ಕೆನ್ನೆ ಒತ್ತಿ ಮಳೆ ನೋಡುತ್ತಿದ್ದ ಕಿಟಕಿಯ ಬಣ್ಣದಲ್ಲಿ. ಹೆಸರು ಒಂದಕ್ಕೆ, ವಿಷ ಇನ್ನೊಂದರಲ್ಲಿ. ಕಿಟಕಿ ಬಳಿಗೆ ಹೋಗಬೇಡಿ ಎಂದು ಯಾರೂ ಗದರಲಿಲ್ಲ.

"ಗಿರಿಜಕ್ಕಾ, ನಾನೇ..." ಎಂದು ಶುರುಮಾಡಿದೆ.

"ಅದು ಮಾತಾಡುವ ಹೊತ್ತಲ್ಲ ಬಾಯಮ್ಮ. ನೀವು ಆ ಕಡೆಯಿಂದ ತಲೆ ಹಿಡ್ಕೊಳ್ಳಿ, ಡಾಕ್ಟ್ರು ಇಂಜೆಕ್ಷನ್ ಕೊಡ್ಲಿ."

ಹಿಡಿದೆ. ಮುಂದಿನ ದಿನಗಳಲ್ಲೂ ಚುಚ್ಚುಮದ್ದು ಕೊಡುವಾಗಲೆಲ್ಲ ಆ ತಲೆ ಹಿಡಿಯುವುದು ನನ್ನದೇ ಕೆಲಸವಾಯಿತು. ಗಿರಿಜಕ್ಕ ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಒಂದು ಬೆಳಿಗ್ಗೆ ಕರು ದಾರಿಯಲ್ಲಿದ್ದ ಬಕೆಟ್ಟಿಗೆ ಡಿಕ್ಕಿ ಹೊಡೆಯದೆ ಬಳಸಿ ನಡೆಯಿತು. ಗಿರಿಜಕ್ಕ ನನ್ನ ಕೈ ಹಿಡಿದುಕೊಂಡು, "ಕಂಡಿತು ಬಾಯಮ್ಮ, ಅದಕ್ಕೆ ಕಂಡಿತು!" ಎಂದು ಅತ್ತರು. ನಾನೂ ಅತ್ತೆ.

ಮಗಳಿಗೆ ಈಗ ಬರಬೇಡ ಎಂದೆ. ಯಂತ್ರ ಬಡಗಿಗೆ ಹಿಂತಿರುಗಿತು. ಬೇಲಿಯ ಸಂದು ಮುಚ್ಚಿದೆವು. ರಾಶಿಯನ್ನೂ ಅದರಡಿಯ ಮೇಲ್ಮಣ್ಣನ್ನೂ ಒದ್ದೆಮಾಡಿ ದಪ್ಪ ಚೀಲಕ್ಕೆ ತುಂಬಿದೆವು. ಉಳಿದ ಹಲಗೆಗಳ ಕೆಲಸಕ್ಕೆ ಕೆಳಗೆ ಟಾರ್ಪಾಲು ಹಾಸಿ, ನೀರು ಚಿಮುಕಿಸಿ, ಧೂಳೇಳದಂತೆ ಕೈಯಿಂದಲೇ ಮೆಲ್ಲಗೆ ಕೆರೆದೆವು. ಮೂಗಿಗೆ ಬಿಗಿಯಾದ ಮಾಸ್ಕು, ಕೈಗೆ ಗ್ಲೌಸು. ಬೆಂಕಿ ಹಿಡಿದು ಸುಲಿಯುವ ಯೋಚನೆ ಹೆನ್ರಿಗೆ ಬಂದಿತ್ತು. ವಿಷದ ಹೊಗೆ ಏಳುತ್ತದೆಂದು ತಿಳಿದು ಕೈಬಿಟ್ಟರು. ಜಗಲಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಒರೆಸಿ ನನ್ನ ಸೊಂಟ ಬಿತ್ತು. ಕೆಲಸದ ಬಟ್ಟೆ ಬೇರೆಯೇ ಒಗೆದು, ಸ್ನಾನ ಮಾಡಿಯೇ ಊಟ. ಚೀಲಗಳನ್ನು ಪಂಚಾಯತಿನಲ್ಲಿ ಕೇಳಿ, ಅವರು ಹೇಳಿದಲ್ಲಿಗೇ ಕೊಟ್ಟೆವು. ಕ್ರಿಸ್ಮಸ್ಸಿನಲ್ಲಿ ನಮ್ಮ ಗೋಡೆ ಅರ್ಧ ಬೋಳು, ಅರ್ಧ ಹಸಿರಾಗಿತ್ತು. ನೆಂಟರು ನಕ್ಕರು.

ಕೊನೆಗೆ ಹೊಸ ಪೈಂಟಿಗೆ ಅಂಗಡಿಗೆ ಹೋದೆ. "ಇದರಲ್ಲಿ ಸೀಸ ಉಂಟಾ?" ಎಂದು ಕೇಳಿದ್ದಕ್ಕೆ ಅಂಗಡಿಯವನಿಗೆ ಅವಮಾನವಾಯಿತು.

"ಎಂತ ಬಾಯಮ್ಮ, ಒಳ್ಳೆ ಕಂಪೆನಿಯದ್ದು. ಬೇಕಾದ್ರೆ ನೆಕ್ಕಿ ನೋಡಿ!"

ನಾನು ಬೆಚ್ಚಿ ಅವನ ಮುಖವನ್ನೇ ನೋಡಿದೆ. ಆಮೇಲೆ ಕನ್ನಡಕ ಏರಿಸಿ ಡಬ್ಬಿಯ ಸಣ್ಣ ಅಕ್ಷರಗಳನ್ನು ಒಂದೊಂದಾಗಿ ಓದತೊಡಗಿದೆ. ಹಿಂದೆ ನಿಂತವರು ಗೊಣಗಿದರು. ಗೊಣಗಲಿ.