ಮನಿ ಬಾಗಲಿಗೆ ಬಂದ ಪಾಠ

"ಇನ್ನ ಪಾಠ ನಿಮ್ಮ ಮನಿ ಬಾಗಲಿಗೇ ಬರತೈತಿ," ಎಂದು ನಮ್ಮ ವಿಶ್ವವಿದ್ಯಾಲಯದ ಅರ್ಥಶಾಸ್ತ್ರದ ಸರ್ ದಿನಾ ಹೇಳುತ್ತಿದ್ದರು. ಹೇಳಿ, ಸೀಮೆಸುಣ್ಣ ಮುಟ್ಟದ ಕೈಗಳನ್ನು ಪಟಪಟ ಝಾಡಿಸುತ್ತಿದ್ದರು. ಕೊನೆಗೆ ಪಾಠವನ್ನೆಲ್ಲ ಆನ್‌ಲೈನ್ ಹಾಕಿ, ಕ್ಲಾಸಿಗೆ ಬರುವುದನ್ನೇ ಬಿಟ್ಟರು.

ಖಾನಾಪುರದ ನಮ್ಮ ಮನೆಗೆ ಫೋನೇ ಬಂದಿರಲಿಲ್ಲ, ಇಂಟರ್ನೆಟ್ ದೂರದ ಮಾತು. ಪರೀಕ್ಷೆ ಹತ್ತಿರ ಬಂದಾಗ ರೈಲು ಹತ್ತಿ ಬೆಳಗಾವಿಗೆ ಹೋಗಿ, ಟಿಳಕವಾಡಿಯ ಸೈಬರ್ ಕೆಫೆಯಲ್ಲಿ ಪಾಠ ತೆರೆದು ಕೂತೆ. ಬಾಜೂ ಕಂಪ್ಯೂಟರಿನಲ್ಲಿ ಸರ್ ಇಸ್ಪೀಟು ಆಡುತ್ತಿದ್ದರು.

"ಸರ್, ಇದೊಂದು ತಿಳೀವಲ್ದರೀ," ಅಂದೆ.

"ಆನ್‌ಲೈನ್ ಕೇಳಪಾ. ಅದರ ಸಲುವಾಗೇ ಮಾಡೇವಲ್ಲ?" ಅಂದರು, ಪರದೆಯಿಂದ ಕಣ್ಣು ತೆಗೆಯದೆ.

ಟೈಪ್ ಮಾಡಿ ಕಳಿಸಿದೆ. ಸರ್ ಓದಿ, ಒಂದೇ ಬೆರಳಿನಿಂದ ಉತ್ತರ ಕುಟ್ಟಿ, ಕೈ ಝಾಡಿಸಿ ಎದ್ದು ಹೋದರು.

ಅವರು ಹೋದ ಮೇಲೆ ನನ್ನ ಪರದೆಗೆ ಉತ್ತರ ಬಂತು: "ಇಂಥಾವೆಲ್ಲ ಎದುರಿಗೆ ಕುಂತು ಹೇಳಬೇಕಾಗತೈತಿ. ಬಂದು ಭೇಟಿ ಆಗು."