ಕಪಾಟಿನಲ್ಲಿ ಕುಗ್ಗುವ ಕುಪ್ಪಸ, ಬಾಯಿ ಬಿಡದ ಜೊರುನ್

ಬೆಳಗಿನ ಐದೂವರೆ. ಜೊರುನ್ ಹೋವ್ಲಾಂದ್ ಊಟದ ಮೇಜಿನ ಮುಂದೆ ಕೂತು ಉಣ್ಣೆಯ ಕುಪ್ಪಸವೊಂದರ ಪಕ್ಕದ ಹೊಲಿಗೆ ಬಿಚ್ಚುತ್ತಿದ್ದಾರೆ. ತುಟಿಗಳ ನಡುವೆ ಮೂರು ಗುಂಡುಸೂಜಿ, ಪಕ್ಕದಲ್ಲಿ ಆರಿಹೋದ ಕಾಫಿ. ಮೇ ಹದಿನೇಳಕ್ಕೆ ಇನ್ನು ಹನ್ನೆರಡೇ ದಿನ. ಅಂದು ರಾಷ್ಟ್ರೀಯ ದಿನ, ಬೆರ್ಗೆನ್ನಿನ ಬೀದಿಗಳಲ್ಲಿ ಮೆರವಣಿಗೆ. ಎಲ್ಲರ ಮೈಮೇಲೂ ಅವರವರ ಸೀಮೆಯ ಬೂನಾದ್. ಹದಿನೈದನೇ ವಯಸ್ಸಿಗೆ ಹೊಲಿಸಿದ ಆ ಹಬ್ಬದ ಉಡುಪು ಐವತ್ತರಲ್ಲೂ ಮೈಗೆ ಹಿಡಿಸಬೇಕು. ಹಿಡಿಸುವುದಿಲ್ಲ.

“ಎಲ್ಲರೂ ಹೇಳೋದು ಒಂದೇ. ‘ಕಪಾಟಲ್ಲಿಟ್ಟಿದ್ದು ಕುಗ್ಗಿಬಿಟ್ಟಿದೆ ಜೊರುನ್.’ ನಾನೂ ಹೂಂ ಅಂತೀನಿ. ಈ ಊರಿನ ಕಪಾಟುಗಳೇ ಸರಿ ಇಲ್ಲ ನೋಡು!”

ಹಾಗೆಂದು ನಗುತ್ತಾರಾದರೂ ಇವತ್ತು ಅವರ ಕೈ ಎಂದಿನಂತೆ ಓಡುತ್ತಿಲ್ಲ. ಸಂಜೆ ಆರಕ್ಕೆ ಹದಿನಾರು ಮನೆಗಳ ಈ ಸಾಲಿನ ನಿವಾಸಿಗಳ ಸಭೆ ಇದೆ. ಅವರು ಈ ಕೆಲಸವನ್ನು ಮನೆಯಲ್ಲಿ ಮುಂದುವರಿಸಬಹುದೇ ಇಲ್ಲವೇ ಎಂಬುದು ಅಲ್ಲಿ ತೀರ್ಮಾನವಾಗಬೇಕು. ದೂರು ಕೊಟ್ಟವರು ಪಕ್ಕದ ಮನೆಯ ಓಡ್ವಾರ್, ಫೆರಿಯಲ್ಲಿ ಇಂಜಿನ್ ನೋಡಿಕೊಂಡು ನಿವೃತ್ತರಾದವರು. ಗಿರಾಕಿಗಳು ತಮ್ಮ ಗೇಟಿಗೆ ಅಡ್ಡವಾಗಿ ಕಾರು ನಿಲ್ಲಿಸುತ್ತಾರೆ ಎಂಬುದು ಅವರ ತಕರಾರು. ತಕರಾರು ಸುಳ್ಳಲ್ಲ, ಜೊರುನ್ ಬಗ್ಗೆ ಬರೆಯಲು ಬಂದ ನಾನೂ ಇವತ್ತು ಅಲ್ಲೇ ನಿಲ್ಲಿಸಿದ್ದೇನೆ.

ಹದಿನಾಲ್ಕು ವರ್ಷದ ಹಿಂದೆ, ಪೇಟೆಯಲ್ಲಿ ಜೊರುನ್ ಕೆಲಸಕ್ಕಿದ್ದ ಬೂನಾದ್ ಅಂಗಡಿ ಬಾಗಿಲು ಹಾಕಿತು. ಹೊಲಿಗೆ ಯಂತ್ರ ಮನೆಗೆ ಬಂತು, ಊಟದ ಮೇಜು ಕೈತಪ್ಪಿತು. ಮಾರ್ಚಿನಿಂದ ಮೇವರೆಗೆ ಗಂಡ ಲೈಫ್ ಅಡುಗೆಮನೆಯಲ್ಲಿ ನಿಂತೇ ಊಟ ಮಾಡುತ್ತಾರೆ. ಒಂದು ಕುಪ್ಪಸ ಸಡಿಲಿಸಲು ಎರಡೂವರೆ ಗಂಟೆ ಬೇಕು. ದಿನಕ್ಕೆ ನಾಲ್ಕರಂತೆ ಈ ಮೂರು ತಿಂಗಳಲ್ಲಿ ಇನ್ನೂರಕ್ಕೂ ಹೆಚ್ಚು. ಜೂನ್ ಬಂತೆಂದರೆ ಕರೆಗಂಟೆ ಒಮ್ಮೆಲೇ ತೆಪ್ಪಗಾಗುತ್ತದೆ. ಆಗ ಪರದೆ, ದಿಂಬಿನ ಗವಸು, ಸಿಕ್ಕಿದ್ದು ಹೊಲಿಯಬೇಕು. ಹೊರದೇಶದಲ್ಲಿ ಹೊಲಿದ ಅಗ್ಗದ ಬೂನಾದ್‌ಗಳು ಬಂದಮೇಲೆ ಹೊಸದು ಹೊಲಿಸುವವರು ವರ್ಷಕ್ಕೆ ಇಬ್ಬರು ಸಿಕ್ಕರೆ ಹೆಚ್ಚು.

“ಅದಕ್ಕಿಂತ ಕಷ್ಟ ಅಂದ್ರೆ, ಮನೇಲೇ ಇರ್ತೀಯಲ್ಲ ಅನ್ನೋದು. ಭಾನುವಾರ ಬಂದು ಗಂಟೆ ಒತ್ತುತಾರೆ. ಸ್ನಾನಕ್ಕೆ ಹೋಗಿದ್ರೆ ಬಾಗಿಲಲ್ಲಿ ಕಾಯ್ತಾರೆ. ಅಂಗಡಿಯಾಗಿದ್ರೆ ಕಾಯ್ತಿದ್ರಾ?”

ಸಭೆಯ ನಿಯಮ ಸರಳವಾಗಿದೆ: ಸಾಲಿನ ಅರ್ಧಕ್ಕಿಂತ ಹೆಚ್ಚು ಮನೆಗಳಿಗೆ ಉಪಯೋಗವಾಗುವ ಕೆಲಸಕ್ಕೆ ಅಡ್ಡಿಯಿಲ್ಲ. ಗಿರಾಕಿಗಳ ಹೆಸರು, ಅಳತೆಯೆಲ್ಲ ಜೊರುನ್ ಅವರ ನೀಲಿ ಪುಸ್ತಕದಲ್ಲಿವೆ.

“ಪುಸ್ತಕ ತಗೊಂಡೋಗಿ ಹೆಸರು ಓದಿಬಿಡು. ಐದು ನಿಮಿಷದ ಕೆಲಸ,” ಎಂದು ಲೈಫ್ ಬ್ರೆಡ್ಡಿನ ಮೇಲೆ ಕಂದು ಚೀಸ್ ಹೆರೆಯುತ್ತ ಹೇಳುತ್ತಾರೆ.

“ಸುಮ್ನಿರು. ನನ್ನ ನಂಬಿ ಬಟ್ಟೆ ಬಿಚ್ಚಿದೋರ ಹೆಸರನ್ನ ಸಭೇಲಿ ಓದ್ಲಾ?”

ಸಂಜೆ ನೆಲಮಾಳಿಗೆಯ ಕೋಣೆಯಲ್ಲಿ ಕಾಫಿ, ವಾಫಲ್ ಇಟ್ಟಿದ್ದಾರೆ. ಓಡ್ವಾರ್ ತಮ್ಮ ದೂರನ್ನು ನಿಂತುಕೊಂಡೇ ಓದುತ್ತಾರೆ. ಅಧ್ಯಕ್ಷೆ ಸಿಸ್ಸೆಲ್ ಪೆನ್ನು ಹಿಡಿದು ಜೊರುನ್ ಕಡೆ ತಿರುಗುತ್ತಾರೆ.

“ನಮ್ಮಲ್ಲಿ ಯಾರ್ಯಾರು ನಿನ್ನ ಗಿರಾಕಿಗಳು ಹೇಳು ಜೊರುನ್, ಬರ್ಕೋತೀನಿ.”

“ಅದನ್ನ ನಾನು ಹೇಳಲ್ಲ.”

“ಹೇಳದಿದ್ರೆ ನಿನಗೇ ನಷ್ಟ.”

“ಗೊತ್ತು.”

ಎಲ್ಲರ ಕಣ್ಣೂ ಅವರವರ ತಟ್ಟೆಯ ಮೇಲೆ. ಹದಿನಾಲ್ಕು ವರ್ಷ ಇವರ ಮಾನ ಕಾಪಾಡಿದ ಹೆಂಗಸಿಗಾಗಿ ತಮ್ಮ ಹೆಸರು ತಾವೇ ಹೇಳಲಾರರೇ ಎಂದು ನನಗೆ ಸಿಟ್ಟು ಉಕ್ಕುತ್ತದೆ. ಜೊರುನ್ ಮಾತ್ರ ತಮ್ಮ ಸ್ವೆಟರಿಗೆ ಅಂಟಿದ ದಾರದ ಎಳೆ ಕೀಳುತ್ತಿದ್ದಾರೆ.

ಕೊನೆಗೆ ಸಿಸ್ಸೆಲ್ ನಿಟ್ಟುಸಿರು ಬಿಟ್ಟು, “ಮೊದಲು ನನ್ನದೇ ಬರ್ಕೋತೀನಿ. ಎರಡು ಸಲ,” ಎಂದು ತಾವೇ ಕೈ ಎತ್ತುತ್ತಾರೆ. ಯಾರೋ ಕಿಸಕ್ಕೆನ್ನುತ್ತಾರೆ. ಮತ್ತೊಂದು ಕೈ ಏಳುತ್ತದೆ, ಇನ್ನೊಂದು. ಎಂಟಕ್ಕೆ ನಿಲ್ಲುತ್ತದೆ. ಬೇಕಾದದ್ದು ಒಂಬತ್ತು. ಸಿಸ್ಸೆಲ್ ಕೋಣೆಯನ್ನೆಲ್ಲ ಒಮ್ಮೆ ನೋಡಿ ಪೆನ್ನು ಕೆಳಗಿಡುತ್ತಾರೆ.

“ನಂದೂ ಬರ್ಕೋ,” ಎನ್ನುತ್ತಾರೆ ಓಡ್ವಾರ್. ಕಿವಿಯವರೆಗೂ ಕೆಂಪಾಗಿದ್ದಾರೆ. “ವೇಸ್ಟ್‌ಕೋಟು. ಎರಡು ಬೆರಳಷ್ಟು ಸಡಿಲ ಮಾಡಿಸಿದ್ದೆ, ಅಷ್ಟೇ. ಕಾರಿನ ತಕರಾರು ಮಾತ್ರ ಹಾಗೇ ಇದೆ!”

ಗಿರಾಕಿಗಳು ಇನ್ನು ಮುಂದೆ ಕಾರನ್ನು ಕೆಳಗಿನ ಬಸ್ ನಿಲ್ದಾಣದ ಬಳಿ ಬಿಟ್ಟು ನಡೆದು ಬರಬೇಕು ಎಂಬ ಷರತ್ತಿನೊಂದಿಗೆ ಅನುಮತಿ ಸಿಗುತ್ತದೆ. ನಡೆಯಲಾಗದ ಮುದುಕಿಯರ ಬೂನಾದ್‌ಗಳನ್ನು ತಾವೇ ಹೋಗಿ ತರಬೇಕಾಗುತ್ತದೆ ಎಂದು ಜೊರುನ್ ಆಗಲೇ ಲೆಕ್ಕ ಹಾಕುತ್ತಿದ್ದಾರೆ.

ಹೊರಗೆ ಬಂದಮೇಲೆ ನನಗೆ ತಡೆಯಲಾಗುವುದಿಲ್ಲ. ಓಡ್ವಾರ್ ಅವರದು ನಿಜವಾಗಿಯೂ ಎರಡೇ ಬೆರಳೇ ಎಂದು ಕೇಳಿಬಿಡುತ್ತೇನೆ.

“ಅವನು ಎರಡು ಅಂದ್ನಲ್ಲ,” ಎನ್ನುತ್ತಾರೆ ಜೊರುನ್, ಮನೆಯ ಬೀಗ ತೆಗೆಯುತ್ತ. “ಹಾಗಾದ್ರೆ ಎರಡೇ.”