ಮರಗಟ್ಟದ ದವಡೆ ಹಲ್ಲು

ರೇಣುಕಾ, ಅಂದು ನಿನ್ನ ಹಲ್ಲು ಮರಗಟ್ಟಿರಲಿಲ್ಲ. ಕೊರೆಯುವ ಯಂತ್ರ ತಾಗಿದೊಡನೆ ನೀನು ಸೆಟೆದುಕೊಂಡಾಗಲೇ ನನಗದು ಗೊತ್ತಾಗಿತ್ತು. ಗೊತ್ತಾದ ಮೇಲೂ ನಿನ್ನನ್ನು ಸುಳ್ಳುಗಾತಿ ಎಂದೆ — ನಿಮ್ಮವ್ವನ ಎದುರಿಗೆ.

ನೀನಾಗ ಮೂರನೇ ಇಯತ್ತೆಯ ಹುಡುಗಿ. ಹಲ್ಲಿನ ತೂತು ತುಂಬಿಸಲು ಅಂಕಲಗಿಯಿಂದ ಗೋಕಾಕದ ನನ್ನ ದವಾಖಾನೆಗೆ ಬಂದಿದ್ದೆ. ಆಗ ನಾನು ಹಲ್ಲು ಮರಗಟ್ಟಿಸಲು ಮಕ್ಕಳಿಗೆ ಕೊಡುವ ಎರಡು ಬಗೆಯ ಸೂಜಿಗಳನ್ನು ಹೋಲಿಸಿ ನೋಡುತ್ತಿದ್ದೆ. ಒಂದು, ದವಡೆಯ ಹಿಂದೆ ನರದ ಬುಡಕ್ಕೆ ಕೊಡುವುದು — ತುಟಿಯೂ ಸೇರಿ ಅರ್ಧ ಬಾಯಿ ಬಹಳ ಹೊತ್ತು ಮರಗಟ್ಟುತ್ತದೆ. ಇನ್ನೊಂದು, ಹಲ್ಲಿನ ಪಕ್ಕದ ವಸಡಿಗೆ ಕೊಡುವ ಚಿಕ್ಕದು. ನಮ್ಮೂರಲ್ಲಿ ಅಳದೆ ಕೂತ ಮಗುವಿಗೆ ಬಸ್ ಹತ್ತುವ ಮೊದಲು ಕರದಂಟು ಕೊಡಿಸುತ್ತಾರೆ. ಮರಗಟ್ಟಿದ ಬಾಯಲ್ಲಿ ಮಕ್ಕಳು ಅದರ ಜೊತೆ ತುಟಿಯನ್ನೂ ಅಗಿದು, ಮರುದಿನ ಬಾಯಿ ಊದಿಸಿಕೊಂಡು ಬರುತ್ತಿದ್ದವು. ಅದಕ್ಕೇ ನನ್ನ ಒಲವು ಚಿಕ್ಕ ಸೂಜಿಯ ಕಡೆಗೆ. ಹಾಲುಹಲ್ಲಿಗೆ ಅದು ಸಾಕೆಂದು ಇಂದಿಗೂ ಎದೆ ತಟ್ಟಿ ಹೇಳುತ್ತೇನೆ. ಆದರೆ ನಿನ್ನದು ಕಾಯಂ ಹಲ್ಲು, ಕೆಳದವಡೆಯ ಗಟ್ಟಿ ಎಲುಬಿನಲ್ಲಿ ಕೂತಿದ್ದು; ನಾನು ಕೊಟ್ಟ ಚಿಕ್ಕ ಸೂಜಿಯ ಮದ್ದು ಅದಕ್ಕೆ ತಲುಪಲಿಲ್ಲ. ನೀನು ಸೆಟೆದುಕೊಂಡೊಡನೆ ನರದ ಬುಡಕ್ಕೆ ಕೊಡುವ ಸೂಜಿಯನ್ನೂ ಕೊಡಬಹುದಿತ್ತು — ಆದರೆ ಊರಿನ ವೈದ್ಯರ ಮುಂದೆ ಚಿಕ್ಕದೇ ಎಲ್ಲಕ್ಕೂ ಸಾಕೆಂದು ಕೊಚ್ಚಿಕೊಂಡಿದ್ದೆನಲ್ಲ...

“ಬ್ಯಾನಿ ಆಗಾಕತ್ತೈತ್ರಿ,” ಅಂದೆ ನೀನು.

“ಏನೂ ಆಗಾಕತ್ತಿಲ್ಲ ಅಕ್ಕಾರ, ಸುಳ್ಳ ಹೇಳಾಕತ್ತಾಳ,” ಅಂದೆ ನಾನು.

ನಿಮ್ಮವ್ವ ನಿನ್ನ ತೊಡೆಗೆ ಒಂದು ಏಟು ಕೊಟ್ಟರು. ಡಾಕ್ಟರು ಸುಳ್ಳು ಹೇಳುವುದುಂಟೇ! ನೀನು ಸುಮ್ಮನಾದೆ. ಕಣ್ಣೀರು ಕಿವಿಯೊಳಗೆ ಇಳಿಯುತ್ತಿತ್ತು — ನಾನು ಕೊರೆದೆ, ತುಂಬಿದೆ. ಕೆಲಸ ಚೊಕ್ಕಟವಾಗಿಯೇ ಆಯಿತು.

ಮೊನ್ನೆ ನಿಮ್ಮವ್ವ ತಮ್ಮ ಹಲ್ಲು ತೋರಿಸಲು ಬಂದಿದ್ದರು. ನೀನು ಹುಕ್ಕೇರಿಗೆ ಮದುವೆಯಾಗಿ ಹೋದದ್ದು, ಮಗಳು ಹುಟ್ಟಿದ್ದು, ಎಲ್ಲ ಹೇಳಿದರು. “ಹೆರಿಗಿ ಬ್ಯಾನಿ ಸುರು ಆದ್ರೂ ಯಾರಿಗೂ ಹೇಳಲಿಲ್ರಿ ಸಾಹೇಬ್ರ. ನಾಟಕ ಮಾಡತಾಳ ಅಂತಾರಂತ ಸುಮ್ಮ ಕುಂತಿದ್ಲಂತ. ಇನ್ನಷ್ಟ ತಡಾ ಆಗಿದ್ರ ಕೂಸ ಉಳೀತಿರಲಿಲ್ಲ ಅಂತ ದವಾಖಾನ್ಯಾಗ ಅಂದ್ರು. ಭಾಳ ಗಟ್ಟಿ ಹುಡುಗಿ!” ಅವರ ದನಿಯಲ್ಲಿ ಹೆಮ್ಮೆಯಿತ್ತು. ನಾನು ಆಗಲೂ ನಿಜ ಹೇಳದೆ ಅವರ ಹಲ್ಲು ನೋಡಿ ಕಳಿಸಿದೆ. ನಾಚಿಕೆಯಾಗುತ್ತದೆ ರೇಣುಕಾ, ಇದನ್ನು ಬರೆಯಲು ಕೂಡ.

ಈ ಭಾನುವಾರ ನಿಮ್ಮವ್ವನನ್ನು ಕರೆದುಕೊಂಡು ಹುಕ್ಕೇರಿಗೆ ಬರುತ್ತೇನೆ. ನೀನು ಕ್ಷಮಿಸಬೇಕಿಲ್ಲ. ಅಂದು ಸುಳ್ಳು ಹೇಳಿದವನು ನಾನೆಂದು ಅವರ ಎದುರಿಗೇ ಹೇಳುತ್ತೇನೆ. ನಿನಗೆ ನಿಜವಾಗಿಯೂ ನೋವಾಗಿತ್ತೆಂದು ನೀನೂ ನಿನ್ನ ಕಿವಿಯಾರೆ ಕೇಳಬೇಕು.